ಗದ್ದದ ಕೆಳಗಿನ ಬೆಳಕು

ಜನವರಿ ೯

ಅಮ್ಮಾ,

ಫೋನಿನಲ್ಲಿ ಮಾತಾಡಿದರೆ ಇಬ್ಬರೂ ಕೂಗಾಡುತ್ತೇವೆ, ಆಮೇಲೆ ನೀನು ಇಟ್ಟುಬಿಡುತ್ತೀಯ. ಕಾಗದವನ್ನು ಹಾಗೆ ಅರ್ಧಕ್ಕೆ ಕತ್ತರಿಸಲು ಬರುವುದಿಲ್ಲ. ಹರಿದು ಹಾಕಬಹುದು, ಆದರೆ ಹರಿಯುವ ಮೊದಲು ನೀನು ಓದಿಯೇ ಓದುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಕೆಲಸ ಸಿಕ್ಕಿದೆ. ಹಳೇ ಫೋಟೋ ಸ್ಟುಡಿಯೋ. ಇಲ್ಲಿ ಈಗಲೂ ಫಿಲಮ್ಮಿನಲ್ಲೇ ಫೋಟೋ ತೆಗೆಯುತ್ತಾರೆ. ಫೋನಿನ ತುಂಬ ಫೋಟೋ ಇಟ್ಟುಕೊಂಡವರೇ ‘ಗೋಡೆಗೊಂದು ಬೇಕು’ ಎಂದು ಇಲ್ಲಿಗೆ ಬರುತ್ತಾರೆ. ಯಜಮಾನರಿಗೆ ವಯಸ್ಸಾಗಿದೆ, ಮಂಡಿ ಕೈಕೊಟ್ಟಿದೆ. ಕ್ಯಾಮೆರಾದ ಹಿಂದೆ ಸ್ಟೂಲಿನ ಮೇಲೆ ಕೂತರೆ ಏಳುವುದು ಕಷ್ಟ. ಕ್ಯಾಮೆರಾ ಅವರಿಗಿಂತಲೂ ಹಳೆಯದು. ಎರಡು ಕಣ್ಣಿನ ಡಬ್ಬಿ, ಮೇಲಿನಿಂದ ಬಗ್ಗಿ ನೋಡಬೇಕು. ಅದಕ್ಕೆ ಕೋಣೆಯಲ್ಲಿ ಎಷ್ಟು ಬೆಳಕಿದೆ ಎಂದು ತಿಳಿಯುವುದಿಲ್ಲ. ಯಾರಾದರೂ ಅಳೆದು ಹೇಳಬೇಕು. ಹೇಳುವವನು ನಾನು.

ಅಳೆಯಲು ಒಂದು ಮೀಟರ್ ಇದೆ. ಅಂಗೈಯಲ್ಲಿ ಹಿಡಿಸುತ್ತದೆ. ಮೇಲೆ ಅರ್ಧ ಚೆಂಡಿನ ಹಾಗೆ ಬಿಳಿ ಗುಮ್ಮಟ, ಕೆಳಗೆ ನಡುಗುವ ಮುಳ್ಳು, ಅದರ ಕೆಳಗೆ ತಿರುಗಿಸುವ ಬಿಲ್ಲೆ. ಕುರ್ಚಿಯಲ್ಲಿ ಕೂತವರ ಗದ್ದದ ಕೆಳಗೆ ಅದನ್ನು ಹಿಡಿದು, ಗುಮ್ಮಟವನ್ನು ಕ್ಯಾಮೆರಾದ ಕಡೆ ತಿರುಗಿಸುತ್ತೇನೆ. ಮುಖದ ಮೇಲೆ ಎಷ್ಟು ಬೆಳಕು ಬೀಳುತ್ತಿದೆಯೋ ಅಷ್ಟಕ್ಕೆ ಮುಳ್ಳು ಏಳುತ್ತದೆ. ಬಿಲ್ಲೆಯನ್ನು ಮುಳ್ಳಿಗೆ ಹೊಂದಿಸಿ, ಅಲ್ಲಿ ಕಾಣುವ ಅಂಕಿಯನ್ನು ಗಟ್ಟಿಯಾಗಿ ಓದುತ್ತೇನೆ. ‘ನಾಲ್ಕು, ಮೂವತ್ತು!’ ಯಜಮಾನರು ಕ್ಯಾಮೆರಾದ ಬಾಯಿಯನ್ನು ಅಷ್ಟೇ ತೆರೆದು, ಅಷ್ಟೇ ಹೊತ್ತಿಗೆ ಇಟ್ಟು, ಗುಂಡಿ ಒತ್ತುತ್ತಾರೆ. ಬೆಳಕು ಹೆಚ್ಚಿದ್ದಷ್ಟೂ ಮೊದಲ ಅಂಕಿ ದೊಡ್ಡದು, ಬಾಯಿ ಕಿರಿದು.

ಅಮ್ಮಾ, ನಾನು ಹೇಳಿದ ಅಂಕಿಯನ್ನು ಅವರು ಎರಡನೇ ಸಲ ಕೇಳುವುದಿಲ್ಲ.

ಮೊದಲ ದಿನ ಕೇಳಿದರು, ‘ಸ್ಕೂಲು ಯಾಕೋ ಬಿಟ್ಟೆ?’ ಇದ್ದದ್ದು ಇದ್ದ ಹಾಗೆ ಹೇಳಿದೆ. ಜೀವಮಾನದಲ್ಲಿ ಒಂದೇ ಸಲ ಗಣಿತ ಚೆನ್ನಾಗಿ ಬರೆದೆ. ‘ಪ್ರಶ್ನೆಪತ್ರಿಕೆ ಮೊದಲೇ ನೋಡಿದ್ದೀಯ, ತಪ್ಪೊಪ್ಪಿಗೆ ಬರೆದುಕೊಡು’ ಎಂದರು ಹೆಡ್‌ಮಾಸ್ಟರು. ಬರೆಯಲಿಲ್ಲ. ಬಂದುಬಿಟ್ಟೆ. ಯಜಮಾನರು ನಕ್ಕು, ‘ಹಾಗಾದ್ರೆ ಅಂಕಿ ಓದೋಕೆ ಬರುತ್ತೆ’ ಎಂದರು. ಅಷ್ಟೇ.

ನೀನು ಅವತ್ತು ಹೆಡ್‌ಮಾಸ್ಟರ ಕೋಣೆಯಲ್ಲಿ ಏನು ಹೇಳಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ನಿನಗೆ ನೆನಪಿದೆ.

ಇಂತಿ,
ನಿನ್ನ ಮಗ


ಜನವರಿ ೨೪

ಬುಗುರಿಗೆ, ಅಮ್ಮ ಬರೆದದ್ದು.

ಕಾಗದ ತಲುಪಿತು. ಅಂಚೆಯವನು ಬಿಚ್ಚಿ ಓದಿದ್ದಾನೆ ಎಂದು ನನಗೆ ಗುಮಾನಿ. ಅಂಟು ಒಂದು ಮೂಲೆಯಲ್ಲಿ ಸೊಟ್ಟಗಿತ್ತು.

ಅವತ್ತು ನಾನು ‘ಒಂದು ಸಲ ತಪ್ಪಾಯ್ತು ಅಂದುಬಿಡು, ಮನೆಗೆ ಹೋಗೋಣ’ ಎಂದೆ. ಅಷ್ಟೇ ತಾನೇ ಅಂದದ್ದು? ಮಾಡಿದ್ದೀಯ ಎಂದು ನಾನು ಹೇಳಲಿಲ್ಲ. ಮಾಡಿಲ್ಲ ಎಂದೂ ಹೇಳಲಿಲ್ಲ, ನಿಜ. ನಿಮ್ಮಪ್ಪನೂ ಇಂಥದೇ ಸತ್ಯವಂತನ ಮುಖ ಇಟ್ಟುಕೊಂಡು ‘ಬರ್ತೀನಿ’ ಎಂದು ಹೊಸ್ತಿಲು ದಾಟಿದವರು. ಆ ಮುಖವನ್ನು ನಂಬಿ ಒಂದು ಸಲ ಕೆಟ್ಟಿದ್ದೇನೆ. ನಿನ್ನ ಮುಖವೂ ಅದೇ ಅಚ್ಚು. ನಾನೇನು ಮಾಡಲಿ?

ಈಗ ಕೆಲಸದ ಮಾತು. ಏನೂ ಬಾರದವನನ್ನು ಆ ಯಜಮಾನ ಯಾಕೆ ಇಟ್ಟುಕೊಂಡ? ಬೆಳಕು ಅಳೆಯುವುದು ಅಂದರೇನು? ಕಣ್ಣಿಗೆ ಕಾಣುವುದಿಲ್ಲವೇ? ನಾನು ನಲವತ್ತು ಸೊಂಟ ಕಣ್ಣಲ್ಲೇ ಅಳೆದು ಹೊಲಿದಿದ್ದೇನೆ, ಒಂದೂ ಬಿಗಿಯಾಗಿಲ್ಲ. ಅಲ್ಲಿ ಬೇರೆ ಯಾರಿದ್ದಾರೆ? ನೀನು ಒಬ್ಬರ ಬಗ್ಗೆ ಬರೆದು ಇನ್ನೊಬ್ಬರನ್ನು ಬಿಟ್ಟಿದ್ದೀಯ ಎಂದು ನನಗೆ ಅನ್ನಿಸುತ್ತದೆ.

ಪಾರ್ಸಲಿನಲ್ಲಿ ಎರಡು ಬಿಳಿ ಶರ್ಟು ಇಟ್ಟಿದ್ದೇನೆ. ಒಳ್ಳೆಯ ಬಟ್ಟೆ, ಕಾಲರಿಗೆ ಒಳಪದರ ಹಾಕಿದ್ದೇನೆ. ಆ ಕರಿನೀಲಿ ಬನಿಯನ್ನಿನಂಥದ್ದನ್ನು ಹಾಕಿಕೊಂಡು ದೊಡ್ಡವರ ಎದುರು ನಿಲ್ಲಬೇಡ. ಮಾಸಲು ಬಟ್ಟೆಯವನ ಮಾತನ್ನು ಯಾರೂ ನಂಬುವುದಿಲ್ಲ. ನೀಲಿ ಹಾಕಿ ಒಗೆ, ನೆರಳಲ್ಲಿ ಒಣಗಿಸು.

ಅಮ್ಮ


ಫೆಬ್ರವರಿ ೧೬

ಅಮ್ಮಾ,

ಶರ್ಟು ಸರಿಯಾಗಿ ಹಿಡಿಸಿದೆ. ಕಣ್ಣಳತೆಯ ಬಗ್ಗೆ ನೀನು ಜಂಬ ಕೊಚ್ಚಿದ್ದು ನ್ಯಾಯವೇ. ದಿನಾ ಹಾಕುವುದಿಲ್ಲ. ದೊಡ್ಡ ಗಿರಾಕಿಗಳು ಬರುವ ದಿನ ಮಾತ್ರ. ಯಜಮಾನರು ನೋಡಿ, ‘ಏನಯ್ಯಾ, ಇವತ್ತು ಫೋಟೋ ನಿಂದಾ, ಅವರದಾ?’ ಎಂದು ರೇಗಿಸಿದರು.

ಇನ್ನೊಬ್ಬರನ್ನು ಬಿಟ್ಟಿದ್ದು ಹೌದು. ಬರೆಯಲು ಏನೂ ತಿಳಿದಿರಲಿಲ್ಲ. ಹಿಂದಿನ ಕೋಣೆಯಲ್ಲಿ ಫಿಲಮ್ಮು ತೊಳೆದು ಫೋಟೋ ಅಚ್ಚು ಹಾಕುವವರು ಒಬ್ಬರಿದ್ದಾರೆ. ಎಲ್ಲರೂ ಕತ್ತಲಣ್ಣ ಎನ್ನುತ್ತಾರೆ. ಬೆಳಿಗ್ಗೆ ಬಂದವರೇ ಒಳಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಾರೆ. ಬಾಗಿಲ ಕೆಳಗಿನ ಸಂದಿಗೆ ಕಂಬಳಿಯ ಚೂರು ತುರುಕುತ್ತಾರೆ. ನಾನು ಒಂದು ದಿನ ‘ಒಳಗೆ ಬರಲಾ, ನೋಡ್ಬೇಕು’ ಎಂದೆ. ‘ನೋಡೋಕೆ ಅಲ್ಲಿ ಬೆಳಕೇ ಇಲ್ಲವಲ್ಲ’ ಎಂದರು. ತಮಾಷೆ ಮಾಡಿದರೋ, ಬೈದರೋ, ಮುಖ ನೋಡಿದರೆ ಗೊತ್ತಾಗುವುದಿಲ್ಲ.

ಮೊನ್ನೆ ಒಂದು ಎಡವಟ್ಟಾಯಿತು. ನಿವೃತ್ತ ನ್ಯಾಯಾಧೀಶರೊಬ್ಬರು ಹೆಂಡತಿಯ ಜೊತೆ ಬಂದಿದ್ದರು. ಅವರ ಫೋಟೋ ಕೆಟ್ಟಿತು. ಕಿಟಕಿಯ ಕಡೆಯ ಕೆನ್ನೆ ಮಂಕಾಗಿತ್ತು, ಇನ್ನೊಂದು ಕೆನ್ನೆ ಪೂರ್ತಿ ಮಸಿಯಲ್ಲಿ ಮುಳುಗಿತ್ತು. ಆ ಅಮ್ಮನವರ ಕಿವಿಯೇ ಕಾಣಿಸುತ್ತಿರಲಿಲ್ಲ. ಅದೇ ವಾರ ತೆಗೆದ ಬೇಕರಿಯವನ ಫೋಟೋ ಕನ್ನಡಿಯ ಹಾಗೆ ಬಂದಿದೆ. ಯಜಮಾನರು ನನ್ನನ್ನು ಕರೆದು, ‘ಮೀಟರ್ ಏನಾದ್ರೂ ಕೆಳಗೆ ಬೀಳಿಸಿದ್ಯಾ?’ ಎಂದು ಕೇಳಿದರು. ‘ಇಲ್ಲ’ ಎಂದೆ. ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ‘ಸರಿ’ ಎಂದರು.

ಆ ‘ಸ್ವಲ್ಪ ಹೊತ್ತು’ ನನಗೆ ಹಿಡಿಸಲಿಲ್ಲ. ಅಂಥ ನೋಟ ನಾನು ಶಾಲೆಯಲ್ಲಿ ನೋಡಿದ್ದೇನೆ.

ಬುಗುರಿ


ಫೆಬ್ರವರಿ ೨೮

ಬುಗುರಿಗೆ,

ಬೀಳಿಸಿದ್ದರೆ ಬೀಳಿಸಿದೆ ಎಂದು ಹೇಳಿಬಿಡು. ಬೀಳಿಸಿಲ್ಲವಾದರೆ ಬೇರೆ ಯಾರು ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡು. ಸುಮ್ಮನೆ ಕೂತರೆ ನಿನ್ನ ತಲೆಗೇ ಕಟ್ಟುತ್ತಾರೆ. ಹೊಸಬನ ತಲೆ ಯಾವಾಗಲೂ ಕೈಗೆ ಸುಲಭವಾಗಿ ಸಿಗುತ್ತದೆ.

ಚಿಲಕ ಹಾಕಿಕೊಂಡು ಕೆಲಸ ಮಾಡುವ ಆ ಮನುಷ್ಯ ನನಗೆ ಸರಿಬರಲಿಲ್ಲ. ಏನು ಮುಚ್ಚಿಡುವುದಿದೆ? ನಾನು ರಸ್ತೆಗೆ ಕಾಣುವ ಹಾಗೆ ಮಿಷನ್ ಇಟ್ಟುಕೊಂಡು ಹೊಲಿಯುವುದಿಲ್ಲವೇ? ನೀನು ಬರುವ ಮೊದಲು ಆ ಮೀಟರನ್ನು ಹಿಡಿಯುತ್ತಿದ್ದವರು ಯಾರು? ಆ ಕೆಲಸದ ಮೇಲೆ ಅವನಿಗೆ ಕಣ್ಣಿತ್ತೋ ಏನೋ. ಕೇಳಿ ತಿಳಿದುಕೋ. ನಾನು ಹೇಳಿದೆ ಎಂದು ಹೇಳಬೇಡ.

ಗುಂಡಿ ಅಂಗಡಿಯವನು ಒಂದೇ ಡಬ್ಬಿಯಲ್ಲಿ ಎರಡು ತರದ ಬಿಳಿ ಗುಂಡಿ ಬೆರೆಸಿ ಮಾರಿದ್ದಾನೆ. ಹಗಲಿನಲ್ಲಿ ನೋಡಿದರೆ ಮಾತ್ರ ಗೊತ್ತಾಗುತ್ತದೆ. ಎಲ್ಲರೂ ಹೀಗೇ.

ಅಮ್ಮ


ಮಾರ್ಚ್ ೨೭

ಅಮ್ಮಾ,

ನಡೆದದ್ದನ್ನು ವರಸೆಯಾಗಿ ಹೇಳುತ್ತೇನೆ.

ನ್ಯಾಯಾಧೀಶರ ನಂತರ ಆಸ್ಪತ್ರೆಯ ದೊಡ್ಡ ಡಾಕ್ಟರ ಫೋಟೋ ಕೆಟ್ಟಿತು. ಆಮೇಲೆ ಒಬ್ಬ ಹಾಡುಗಾರ್ತಿಯದು. ಮೂವರದೂ ಒಂದೇ ರೋಗ, ನೆರಳಿನ ಕಡೆಯ ಕೆನ್ನೆ ಇಲ್ಲವೇ ಇಲ್ಲ. ನಡುವೆ ಬಂದ ಹುಡುಗರು, ಅಂಗಡಿಯವರು, ಸಾದಾ ಮಂದಿ ಎಲ್ಲರದೂ ಚೆನ್ನಾಗಿವೆ. ಯಜಮಾನರು ಮೀಟರನ್ನು ರಿಪೇರಿಯವನಿಗೆ ತೋರಿಸಿದರು. ‘ಗಡಿಯಾರದ ಹಾಗಿದೆ, ಏನೂ ಆಗಿಲ್ಲ’ ಎಂದನಂತೆ. ಕ್ಯಾಮೆರಾವನ್ನೂ ತೋರಿಸಿದರು. ಅದೂ ಸರಿ ಇದೆ.

ನಾನು ಕೂತು ಯೋಚಿಸಿದೆ. ಯಂತ್ರಕ್ಕೆ ಯಾರು ದೊಡ್ಡವರು, ಯಾರು ಚಿಕ್ಕವರು ಎಂದು ಗೊತ್ತಾಗುತ್ತದೆಯೇ? ಮೀಟರ್ ಕೆಟ್ಟರೆ ಬೇಕರಿಯವನಿಗೂ ಕೆಡಬೇಕು. ಬೇಕಾದವರದ್ದನ್ನೇ ಆರಿಸಿ ಕೆಡಿಸಬೇಕಾದರೆ ಅದು ಮನುಷ್ಯನ ಕೈ. ಫಿಲಮ್ಮು ಹಿಂದಿನ ಕೋಣೆಗೆ ಹೋಗುವಾಗ ಪೊಟ್ಟಣದ ಮೇಲೆ ಗಿರಾಕಿಯ ಹೆಸರಿರುತ್ತದೆ. ಅದನ್ನು ಓದುವವರು ಒಬ್ಬರೇ.

ಆ ಮೊದಲು ಮೀಟರ್ ಹಿಡಿಯುತ್ತಿದ್ದವರು ಯಾರು ಎಂದೂ ಕೇಳಿದೆ. ಯಜಮಾನರೇ ಹಿಡಿಯುತ್ತಿದ್ದರಂತೆ. ಮಂಡಿ ನೋವು ಹೆಚ್ಚಾದಾಗ ಕತ್ತಲಣ್ಣ ‘ನಾನು ಹಿಡೀಲಾ’ ಎಂದಿದ್ದರಂತೆ. ಯಜಮಾನರು ಬೇಡ ಎಂದು ನನ್ನನ್ನು ಇಟ್ಟುಕೊಂಡರಂತೆ. ನೀನು ಊಹಿಸಿದ್ದು ಹಾಗೇ ಇತ್ತು.

ಯಜಮಾನರು ಮೊನ್ನೆ ನನ್ನನ್ನು ನೇರವಾಗಿ ಕೇಳಿದರು. ‘ನಿಂಗೆ ಏನನ್ನಿಸುತ್ತೆ? ನೀನು ಸುಳ್ಳು ಹೇಳೋನಲ್ಲ, ಹೇಳು.’ ಅನ್ನಿಸಿದ್ದನ್ನು ಹೇಳಿದೆ.

ಅವರು ಕತ್ತಲಣ್ಣನನ್ನು ಹೊರಗೆ ಕರೆದರು. ಅವರು ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದು, ಬೆಳಕಿಗೆ ಕಣ್ಣು ಕಿರಿದು ಮಾಡಿ ನಿಂತರು. ಯಜಮಾನರು ವಿಷಯ ಹೇಳಿದಾಗ ಹಾಡುಗಾರ್ತಿಯ ಫಿಲಮ್ಮನ್ನು ಕಿಟಕಿಗೆ ಹಿಡಿದು, ‘ಅಂಚು ನೋಡಿ. ಅಂಚಲ್ಲಿ ಕಂಪನಿಯವರು ಅಚ್ಚು ಹಾಕಿರೋ ಅಕ್ಷರ ಕಪ್ಪಗೆ, ಗಟ್ಟಿಯಾಗಿದೆ. ನಾನು ತೊಳೆದಿದ್ದು ಕಮ್ಮಿಯಾಗಿದ್ರೆ ಅದೂ ಮಂಕಾಗ್ತಿತ್ತು. ನನ್ನ ಹತ್ರ ಬರೋ ಮೊದಲೇ ಬೆಳಕು ಸಾಲದೆ ಬಂದಿದೆ’ ಎಂದರು. ನಾನು, ‘ಹಾಗಾದ್ರೆ ನಾನು ಅಂಕಿ ತಪ್ಪು ಓದಿದೆ ಅಂತಲಾ?’ ಎಂದೆ. ‘ನಾನು ನಿನ್ನ ಹೆಸರು ಹೇಳಲಿಲ್ಲವಲ್ಲ’ ಎಂದರು.

ಯಜಮಾನರು ನನ್ನ ಕಡೆ ತಿರುಗಿದರು. ‘ಅಂಕಿ ಸರಿಯಾಗಿ ಓದಿದ್ದೀಯಾ?’

‘ಓದಿದ್ದೀನಿ.’

‘ನೋಡಿದ್ಯಾ?’ ಎಂದು ಯಜಮಾನರು ಕತ್ತಲಣ್ಣನಿಗೆ ಹೇಳಿದರು.

ಕತ್ತಲಣ್ಣ ಮತ್ತೆ ಬಾಯಿ ಬಿಡಲಿಲ್ಲ. ಒಳಗೆ ಹೋಗಿ ತಟ್ಟೆಗಳನ್ನು ತೊಳೆದು ಬೋರಲು ಹಾಕಿ, ಏಪ್ರನ್ನನ್ನು ಮೊಳೆಗೆ ಸಿಕ್ಕಿಸಿ, ಚಪ್ಪಲಿ ಮೆಟ್ಟಿಕೊಂಡು ಹೋದರು. ಬಾಗಿಲು ತೆರೆದೇ ಇತ್ತು. ಒಳಗೆ ಮುಚ್ಚಿಡುವಂಥದು ಏನೂ ಕಾಣಲಿಲ್ಲ. ಅದನ್ನೂ ಬರೆಯಬೇಕು ಅನ್ನಿಸಿತು, ಬರೆದಿದ್ದೇನೆ.

ಬುಗುರಿ


ಏಪ್ರಿಲ್ ೮

ಬುಗುರಿಗೆ,

ಕಾಗದವನ್ನು ಮತ್ತೆ ಮತ್ತೆ ಓದಿದೆ. ಒಂದು ಮಾತು ಕೇಳುತ್ತೇನೆ, ಸಿಟ್ಟು ಮಾಡಿಕೊಳ್ಳಬೇಡ.

ಅವನು ಕೆಡಿಸುವುದನ್ನು ನೀನು ಕಣ್ಣಾರೆ ನೋಡಿದೆಯಾ?

ಅವನ ಬಗ್ಗೆ ಮೊದಲು ಬಾಯಿ ಬಿಟ್ಟವಳು ನಾನೇ. ನನಗೆ ಎಲ್ಲರ ಮೇಲೂ ಅನುಮಾನ, ಅದು ನನ್ನ ಮಾಮೂಲಿ. ತರಕಾರಿ ಮಾರುವವಳ ಮೇಲೂ ಅನುಮಾನ, ಆದರೂ ಅವಳ ಹತ್ತಿರವೇ ಕೊಳ್ಳುತ್ತೇನೆ. ನನ್ನ ಅನುಮಾನದಿಂದ ಇದುವರೆಗೆ ಯಾರ ಕೆಲಸವೂ ಹೋಗಿರಲಿಲ್ಲ. ನಿನ್ನ ಮಾತಿನಿಂದ ಹೋಯಿತು.

ಒಂದೇ ಸಲ ಹೇಳಿ ಆಮೇಲೆ ಬಾಯಿಗೆ ಬೀಗ ಹಾಕಿಕೊಂಡು ಹೆಡ್‌ಮಾಸ್ಟರ ಕೋಣೆಯಿಂದ ನಡೆದುಬಿಟ್ಟ ಇನ್ನೊಬ್ಬನನ್ನೂ ನಾನು ಕಂಡಿದ್ದೇನೆ. ಮನೆಗೆ ಬಂದು ಊಟವನ್ನೂ ಮಾಡಲಿಲ್ಲ ಅವನು.

ಮಿಷನ್ನಿನ ಬೆಲ್ಟು ಹರಿದಿದೆ. ಹೆಚ್ಚು ಬರೆಯಲಾರೆ.

ಅಮ್ಮ


ಮೇ ೧೯

ಅಮ್ಮಾ,

ನಿನ್ನ ಕಾಗದಕ್ಕೆ ಇಷ್ಟು ದಿನ ಉತ್ತರ ಬರೆಯಲಿಲ್ಲ. ಸಿಟ್ಟು ಬಂದಿತ್ತು. ಈಗ ಸಿಟ್ಟು ಮಾಡಿಕೊಳ್ಳಲು ನನಗೆ ಹಕ್ಕಿಲ್ಲ.

ಕತ್ತಲಣ್ಣ ಹೋದ ಮೇಲೆ ಯಜಮಾನರೇ ಫಿಲಮ್ಮು ತೊಳೆಯುತ್ತಿದ್ದರು, ಗೋಡೆ ಹಿಡಿದುಕೊಂಡು. ಮೊದಲ ಕೆಲವು ಚೆನ್ನಾಗಿ ಬಂದವು. ‘ಪೀಡೆ ತೊಲಗಿತು’ ಎಂದರು. ನಾನೂ ಹಾಗೇ ಅಂದುಕೊಂಡೆ. ಆಮೇಲೆ ಒಂದು ಕಾಲೇಜಿನ ಪ್ರಿನ್ಸಿಪಾಲರ ಫೋಟೋ ಕೆಟ್ಟಿತು. ಅದೇ ಕೆನ್ನೆ, ಅದೇ ಮಸಿ. ಈಗ ಹಿಂದಿನ ಕೋಣೆಯಲ್ಲಿ ಯಜಮಾನರ ಹೊರತು ಯಾರೂ ಇರಲಿಲ್ಲ. ನಾನು ಅಂಕಿ ಹೇಳಿದರೆ ಅವರು ‘ಎಷ್ಟು?’ ಎಂದು ಎರಡನೇ ಸಲ ಕೇಳಲು ಶುರು ಮಾಡಿದರು. ಅವರು ಏಳಲು ಹೋದರೆ ಮೀಟರ್ ಕಿತ್ತುಕೊಳ್ಳಲು ಬರುತ್ತಿದ್ದಾರೆ ಅನ್ನಿಸುತ್ತಿತ್ತು. ಅವರು ಊಟಕ್ಕೆ ಹೋದಾಗ ಕ್ಯಾಮೆರಾವನ್ನು ತಿರುಗಿಸಿ ತಿರುಗಿಸಿ ನೋಡಿದ್ದೇನೆ, ಅವರೇ ಏನಾದರೂ ಮಾಡುತ್ತಿದ್ದಾರೆಯೇ ಎಂದು. ಅಲ್ಲಿಗೆ ಮುಟ್ಟಿತ್ತು ನನ್ನ ಬುದ್ಧಿ.

ನಿನ್ನೆ ಆ ಹಾಡುಗಾರ್ತಿ ಮತ್ತೆ ಬಂದರು. ‘ಈ ಸಲವಾದ್ರೂ ನನ್ನ ಇನ್ನೊಂದು ಕೆನ್ನೆ ಕೊಡ್ತೀರಾ?’ ಎನ್ನುತ್ತಲೇ ಕೂತರು. ಕಿಟಕಿ ಅವರ ಎಡಕ್ಕೆ. ನಾನು ಯಾವಾಗಲೂ ಬಲಕ್ಕೆ, ನೆರಳಿನ ಕಡೆ ನಿಂತು ಕೈ ಚಾಚುತ್ತೇನೆ, ಬೆಳಕಿಗೆ ಅಡ್ಡ ಬರಬಾರದಲ್ಲ. ಗದ್ದದ ಕೆಳಗೆ ಹಿಡಿದೆ. ‘ಐದು ಪಾಯಿಂಟ್ ಆರು, ಮೂವತ್ತು!’

‘ಎಷ್ಟು?’

ಇನ್ನೊಮ್ಮೆ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಆಕೆ ಸೀನಿದರು. ನಾನು ಬೆಚ್ಚಿ ಹಿಂದಕ್ಕೆ ಸರಿದೆ, ಕೈ ಮಾತ್ರ ಅಲ್ಲೇ ಇತ್ತು. ಮುಳ್ಳು ಕೆಳಗಿಳಿಯಿತು. ಹತ್ತಿರ ಹೋದೆ, ಏರಿತು. ಮೈಯನ್ನು ಹಿಂದಕ್ಕೆ ವಾಲಿಸಿದೆ, ಇಳಿಯಿತು. ಮೀಟರ್ ಅಲುಗಿರಲಿಲ್ಲ, ಅಲುಗಿದ್ದು ನಾನು.

ಮೂಲೆಯಲ್ಲಿ, ಈಗ ಬಳಸದ ಇನ್ನೊಂದು ದೊಡ್ಡ ಕ್ಯಾಮೆರಾಕ್ಕೆ ಹೊದಿಸುವ ಕರಿ ಬಟ್ಟೆ ಇರುತ್ತದೆ. ಅದನ್ನು ಕತ್ತಿನಿಂದ ಮೊಣಕಾಲವರೆಗೆ ಸುತ್ತಿಕೊಂಡು ಬಂದು ಹಿಡಿದೆ. ‘ನಾಲ್ಕು, ಮೂವತ್ತು.’ ಮುಂದೆ ಹೋದರೂ ನಾಲ್ಕು, ಹಿಂದೆ ಬಂದರೂ ನಾಲ್ಕು. ಬಟ್ಟೆ ತೆಗೆದೆ. ಐದು ಪಾಯಿಂಟ್ ಆರು.

ಅಮ್ಮಾ, ನಿನ್ನ ಬಿಳಿ ಶರ್ಟು. ಕಿಟಕಿಯ ಬೆಳಕು ನನ್ನ ಎದೆಯ ಮೇಲೆ ಬಿದ್ದು, ಅಲ್ಲಿಂದ ಚಿಮ್ಮಿ ಅವರ ನೆರಳಿನ ಕೆನ್ನೆಗೂ ಮೀಟರಿನ ಗುಮ್ಮಟಕ್ಕೂ ಹೊಡೆಯುತ್ತಿತ್ತು. ನಾನು ಓದಿದ ಅಂಕಿ ನಿಜ, ಆದರೆ ನಾನು ಅಲ್ಲಿ ನಿಂತಿರುವವರೆಗೆ ಮಾತ್ರ ನಿಜ. ಓದಿ, ಪಕ್ಕಕ್ಕೆ ಸರಿಯುತ್ತಿದ್ದೆ. ನನ್ನ ಜೊತೆ ಆ ಬೆಳಕೂ ಸರಿಯುತ್ತಿತ್ತು. ಇಲ್ಲದ ಬೆಳಕನ್ನು ನಂಬಿ ಯಜಮಾನರು ಗುಂಡಿ ಒತ್ತುತ್ತಿದ್ದರು. ದೊಡ್ಡ ಗಿರಾಕಿಗಳು ಬಂದ ದಿನ ಮಾತ್ರ ಬಿಳಿ ಶರ್ಟು. ಅದಕ್ಕೇ ದೊಡ್ಡವರದೇ ಕೆಡುತ್ತಿದ್ದದ್ದು. ಬೇಕರಿಯವನಿಗೆ ಕರಿನೀಲಿ.

ಹಾಡುಗಾರ್ತಿಯ ಎದುರಿನಲ್ಲೇ ಎಲ್ಲವನ್ನೂ ಹೇಳಿಬಿಟ್ಟೆ. ‘ಯಜಮಾನರೇ, ಕತ್ತಲಣ್ಣ ಏನೂ ಮಾಡಿಲ್ಲ. ನಾನು ಮಾಡಿದ್ದು.’ ಆಕೆ ನಗುವುದೋ ಬೇಡವೋ ಎಂದು ಕೂತಿದ್ದರು. ಯಜಮಾನರು, ‘ಗಿರಾಕಿ ಹೋಗೋತನಕ ಬಾಯಿ ಮುಚ್ಚಿಕೊಂಡಿರೋಕೆ ಆಗಲಿಲ್ವಾ ನಿಂಗೆ?’ ಎಂದರು. ಆಮೇಲೆ ತಮ್ಮ ಕೋಟನ್ನು ನೋಡಿಕೊಂಡರು. ಅವರು ಬೇಸಿಗೆಯಲ್ಲೂ ಕರಿ ಕೋಟು ಬಿಚ್ಚುವುದಿಲ್ಲ. ‘ಕೆಲಸ ಕಲಿಯೋವಾಗ ನಮ್ಮ ಗುರು ಕರಿ ಕೋಟು ಹಾಕ್ಕೋ ಅಂದಿದ್ರು. ಯಾಕೆ ಅಂತ ಕೇಳಲಿಲ್ಲ. ಗತ್ತಿಗೆ ಅಂದುಕೊಂಡೆ’ ಎಂದರು.

ಕತ್ತಲಣ್ಣ ಹೇಳಿದ್ದು ಪ್ರತಿ ಅಕ್ಷರವೂ ಸರಿ. ಬೆಳಕು ಸಾಲದೆಯೇ ಒಳಗೆ ಹೋಗಿತ್ತು. ನಾನು ಹಾಡುಗಾರ್ತಿಯ ಹಳೆ ಫಿಲಮ್ಮನ್ನು ಕಿಟಕಿಗೆ ಹಿಡಿದು ಅಂಚು ನೋಡಿದೆ. ಅಕ್ಷರಗಳು ಗಟ್ಟಿಯಾಗಿ, ಕಪ್ಪಗೆ ಇವೆ. ಅವತ್ತೇ ನೋಡಬಹುದಿತ್ತು. ನಾಳೆ ಅವರಿಗೆ ಕಾಗದ ಬರೆಯುತ್ತೇನೆ.

ಯಜಮಾನರು ನನ್ನನ್ನು ತೆಗೆದುಹಾಕಿಲ್ಲ. ತೆಗೆದುಹಾಕಿದ್ದರೆ ಚೆನ್ನಾಗಿತ್ತು.

ಬುಗುರಿ


ಮೇ ೨೦

ಕತ್ತಲಣ್ಣನವರಿಗೆ,

ಫೋಟೋಗಳು ಕೆಟ್ಟದ್ದು ನನ್ನ ಬಿಳಿ ಶರ್ಟಿನಿಂದ. ಅಳೆಯುವಾಗ ಅದು ಬೆಳಕು ಚಿಮ್ಮಿಸುತ್ತಿತ್ತು. ನೀವು ಅಂಚು ನೋಡಿ ಎಂದಿರಿ, ನಾನು ನೋಡಲಿಲ್ಲ. ನಿಮ್ಮ ಮೇಲೆ ಹೇಳಿದವನು ನಾನೇ, ಯಜಮಾನರಿಗೆ ತಾವಾಗಿ ಹೊಳೆದದ್ದಲ್ಲ. ನಾನು ಸುಳ್ಳು ಹೇಳಲಿಲ್ಲ, ಆದರೂ ನಾನು ಹೇಳಿದ್ದು ಸುಳ್ಳು. ವಾಪಸ್ ಬನ್ನಿ ಎಂದು ಕರೆಯಲು ನಾನು ಯಾರೂ ಅಲ್ಲ. ಯಜಮಾನರು ಕರೆಯಲು ನಾಚಿಕೊಂಡು ಕೂತಿದ್ದಾರೆ. ಅದನ್ನೂ ನಾನೇ ಹೇಳುತ್ತಿದ್ದೇನೆ.

ಮೀಟರ್ ಹಿಡಿಯುವ ಹುಡುಗ


ಜೂನ್ ೨

ಬುಗುರಿಗೆ,

ಈಗ ನನ್ನ ಶರ್ಟಿನ ತಲೆಗೆ ಕಟ್ಟುತ್ತಿದ್ದೀಯ! ಶರ್ಟು ಬೆಳಕು ಕೊಡುತ್ತದೆಯಂತೆ. ಹಾಗಿದ್ದರೆ ನಾನು ಕರೆಂಟಿಲ್ಲದ ದಿನ ಶರ್ಟನ್ನು ಗೂಟಕ್ಕೆ ನೇತುಹಾಕಿಕೊಂಡು ಹೊಲಿಯುತ್ತಿದ್ದೆ. ಇಷ್ಟು ವರ್ಷ ಬಿಳಿ ಬಟ್ಟೆ ಕತ್ತರಿಸಿದ್ದೇನೆ, ಒಂದು ದಿನವೂ ಹೀಗೆಂದು ಕೇಳಿಲ್ಲ. ಆ ಯಜಮಾನ ಇನ್ನೇನನ್ನೋ ಮುಚ್ಚಿಕೊಳ್ಳಲು ನಿನ್ನ ಕೈಲಿ ಇದನ್ನು ಹೇಳಿಸುತ್ತಿದ್ದಾನೆ ಎಂದೇ ನನ್ನ ಅನುಮಾನ.

ಬಿಳಿ ಬಟ್ಟೆ ಹೊಲಿಯುವಾಗ ಮುಖಕ್ಕೆ ಬೆಳಕಿನ ಝಳ ಹೊಡೆಯುವುದು ನಿಜ. ಅದು ಬೇರೆ ವಿಷಯ.

ಆ ಕತ್ತಲಣ್ಣ ಉತ್ತರ ಬರೆದನೇ? ನೀನು ಬರೆದಿಲ್ಲ ಎಂದರೆ ಅವನು ಬರೆದಿಲ್ಲ. ಬರುವ ಗುರುವಾರ ನಾನೇ ಬರುತ್ತಿದ್ದೇನೆ. ಕಣ್ಣಾರೆ ನೋಡದೆ ಯಾವುದನ್ನೂ ನಂಬುವುದಿಲ್ಲ. ಅವನ ಮನೆ ಎಲ್ಲಿ ಎಂದು ವಿಚಾರಿಸಿ ಇಟ್ಟುಕೋ. ಯಾಕೆ ಎಂದು ಕೇಳಬೇಡ.

ಅಮ್ಮ


ಜೂನ್ ೨೩

ಅಮ್ಮಾ,

ನೀನು ಬಂದು ಹೋದ ಮೇಲೆ ಯಜಮಾನರ ಬಾಯಲ್ಲಿ ಒಂದು ವಾರ ನಿನ್ನದೇ ಮಾತು. ‘ನಿಮ್ಮಮ್ಮ ಕುರ್ಚಿ ಮೇಲೆ ಕೂರೋ ಮೊದಲು ಕುರ್ಚಿಯ ಕಾಲು ಅಲ್ಲಾಡಿಸಿ ನೋಡಿದ್ರಲ್ಲಯ್ಯ!’ ನೀನು ನನಗೆ ಶರ್ಟು ಹಾಕಿಸಿ, ಬಿಚ್ಚಿಸಿ, ಹಾಕಿಸಿ, ಮುಳ್ಳು ಏರುವುದನ್ನೂ ಇಳಿಯುವುದನ್ನೂ ನೋಡಿ, ಕೊನೆಗೆ ‘ಹೂಂ’ ಎಂದೆಯಲ್ಲ, ಆ ‘ಹೂಂ’ ಅನ್ನು ಅವರು ಎಲ್ಲ ಗಿರಾಕಿಗಳಿಗೂ ಮಾಡಿ ತೋರಿಸುತ್ತಿದ್ದಾರೆ.

ಕತ್ತಲಣ್ಣನಿಗೆ ಬರೆದ ನನ್ನ ಕಾಗದ ಒಡೆಯದೆ ವಾಪಸ್ ಬಂದಿತ್ತು. ನಿನಗೆ ಹೇಳಿರಲಿಲ್ಲ. ಬಸ್ಸಿಗೆ ಹೋಗುವ ಮೊದಲು ನೀನು ಒಬ್ಬಳೇ ಅವರ ಮನೆಗೆ ಹೋಗುತ್ತೇನೆ ಎಂದಾಗ, ನನಗೆ ನಿಜ ಹೇಳಬೇಕೆಂದರೆ, ಭಯವಾಯಿತು. ಜಗಳವಾಡಿ ಬರುತ್ತೀಯ ಅಂದುಕೊಂಡೆ. ಬಂದಾಗ ‘ಏನಂದ್ರು?’ ಎಂದು ಕೇಳಿದರೆ, ‘ಅವರ ಹೆಂಡತಿಯ ರವಿಕೆ ತೋಳು ಸೊಟ್ಟಗೆ ಹೊಲಿದಿದ್ದಾರೆ’ ಎಂದೆ. ಅದೊಂದೇ ಮಾತು.

ಸೋಮವಾರ ಬೆಳಿಗ್ಗೆ ಅವರು ಬಂದರು. ಯಾರ ಜೊತೆಯೂ ಮಾತಾಡಲಿಲ್ಲ. ಮೊಳೆಯಿಂದ ಏಪ್ರನ್ ತೆಗೆದುಕೊಂಡರು, ಯಜಮಾನರು ಚಹಾ ತರಿಸಿದರು, ಅವರು ಕುಡಿದರು. ಅಷ್ಟರಲ್ಲಿ ಅವರಿಬ್ಬರ ಮಧ್ಯೆ ಏನು ಮುಗಿಯಿತೋ ನನಗೆ ಗೊತ್ತಾಗಲಿಲ್ಲ. ಕತ್ತಲಣ್ಣ ಅವತ್ತು ನನ್ನ ಕಡೆ ನೋಡಲೇ ಇಲ್ಲ. ಮರುದಿನದಿಂದ ನಾನು ಮೀಟರ್ ಹಿಡಿದರೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನಾನು ಎಲ್ಲಿ ನಿಂತಿದ್ದೇನೆ, ಏನು ತೊಟ್ಟಿದ್ದೇನೆ, ಬಿಲ್ಲೆ ಎಲ್ಲಿಗೆ ತಿರುಗಿಸುತ್ತಿದ್ದೇನೆ, ಎಲ್ಲ. ಕತ್ತಿನ ಹಿಂದೆ ಉರಿಯುತ್ತಿತ್ತು. ಆದರೂ ನೋಡಲಿ ಅನ್ನಿಸಿತು. ನೋಡುವ ಹಕ್ಕು ಅವರಿಗಿದೆ.

ಶುಕ್ರವಾರ, ‘ಬಾ’ ಎಂದರು. ಹಿಂದಿನ ಕೋಣೆಗೆ! ನಾನು ಒಳಗೆ ಹೋದ ಮೇಲೆ ಚಿಲಕ ಹಾಕಿ, ಕಂಬಳಿ ತುರುಕಿದರು. ಕೆಂಪು ದೀಪ ಒಂದೇ. ನಿನ್ನ ಫೋಟೋ ಅಚ್ಚು ಹಾಕುವುದಿತ್ತು. ಯಜಮಾನರು ಅವತ್ತು ನಿನಗೆ ಗೊತ್ತಾಗದ ಹಾಗೆ ತೆಗೆದಿದ್ದಾರೆ, ನೀನು ಮುಳ್ಳನ್ನು ನೋಡುತ್ತಿದ್ದಾಗ. ಬಿಳಿ ಕಾಗದವನ್ನು ತಟ್ಟೆಯ ನೀರಿನಂಥದರಲ್ಲಿ ಮುಳುಗಿಸಿ, ತಟ್ಟೆಯನ್ನು ಮೆಲ್ಲಗೆ ತೂಗಿದರು. ಮೊದಲು ನಿನ್ನ ಹುಬ್ಬು ಬಂತು. ಒಂದು ಹುಬ್ಬು ಮೇಲೆ. ಆಮೇಲೆ ಕಣ್ಣು. ಆಮೇಲೆ ಎರಡೂ ಕೆನ್ನೆ. ನೆರಳಿನ ಕೆನ್ನೆಯಲ್ಲಿ ಸುಕ್ಕು ಸುಕ್ಕೂ ಕಾಣುತ್ತದೆ.

ತಟ್ಟೆ ತೂಗುತ್ತಲೇ ಅವರು ಹೇಳಿದರು. ‘ನಿಮ್ಮಮ್ಮ ಬಂದು ನಮ್ಮ ಬಾಗಿಲಲ್ಲೇ ನಿಂತ್ಕೊಂಡ್ರು. ಒಳಗೆ ಬನ್ನಿ ಅಂದ್ರೆ ಬರಲಿಲ್ಲ. ಏನಂದ್ರು ಗೊತ್ತಾ? ನನ್ನ ಮಗ ಸುಳ್ಳು ಹೇಳೋದಿಲ್ಲ. ಚಿಕ್ಕಂದಿನಿಂದ ಒಂದೂ ಹೇಳಿಲ್ಲ. ಅದಕ್ಕೇ ಅವನು ತಪ್ಪಿದಾಗಲೂ ಜನ ನಂಬಿಬಿಡ್ತಾರೆ, ನಿಮಗೆ ಆಗಿದ್ದು ಅದೇ. ಸ್ಕೂಲಲ್ಲಿ ಅವನು ಸರಿ ಇದ್ದ. ಅವತ್ತು ಮಾತ್ರ ಯಾರ ಬಾಯಲ್ಲೂ ಆ ಮಾತು ಬರಲಿಲ್ಲ, ನನ್ನ ಬಾಯಲ್ಲೂ ಬರಲಿಲ್ಲ. ಇಷ್ಟು ಹೇಳಿ ಹೊರಟುಹೋದ್ರು.’

ಕೆಂಪು ದೀಪದಲ್ಲಿ ಯಾರ ಮುಖವೂ ಸರಿಯಾಗಿ ಕಾಣುವುದಿಲ್ಲ, ಅದು ಒಳ್ಳೆಯದಾಯಿತು.

ಆದರೆ ಅಮ್ಮಾ, ಆಮೇಲೆ ಯೋಚಿಸಿದೆ. ಇಷ್ಟು ದಿನ ಮಾತಾಡದವರು ಏಕಾಏಕಿ ಇಷ್ಟು ಮಾತಾಡಿದರಲ್ಲ. ನನ್ನನ್ನು ಸಮಾಧಾನ ಮಾಡಲು ಹೇಳಿದ್ದಿರಬಹುದು. ಒಳ್ಳೆಯವರು ಹಾಗೆ ಒಂದೊಂದು ಸಲ ಕಟ್ಟಿ ಹೇಳುತ್ತಾರೆ. ನಾನು ಒಮ್ಮೆ ಅವರ ವಿಷಯದಲ್ಲಿ ನೋಡದೆ ಮಾತಾಡಿ ಕೆಟ್ಟಿದ್ದೇನೆ, ಈಗ ಕೇಳದೆ ನಂಬಲು ಧೈರ್ಯವಿಲ್ಲ. ಅದಕ್ಕೇ ಕೇಳುತ್ತಿದ್ದೇನೆ. ನೀನು ನಿಜವಾಗಿ ಹಾಗೆ ಹೇಳಿದೆಯಾ? ಶಾಲೆಯ ಮಾತನ್ನೂ?

ಫೋಟೋ ಇದರ ಜೊತೆಗಿದೆ. ಹುಬ್ಬಿಗೆ ನಾನು ಜವಾಬ್ದಾರನಲ್ಲ.

ಬುಗುರಿ


ಜುಲೈ ೪

ಬುಗುರಿಗೆ, ಅಮ್ಮ ಬರೆದದ್ದು.

ಫೋಟೋ ತಲುಪಿತು. ಕೇಳದೆ ತೆಗೆದದ್ದು ಸರಿಯಲ್ಲ ಎಂದು ನಿಮ್ಮ ಯಜಮಾನರಿಗೆ ಹೇಳು. ಪಕ್ಕದ ಮನೆಯವಳು ನೋಡಿ, ‘ಯಾರ ಮೇಲೆ ಇಷ್ಟು ಸಿಟ್ಟು?’ ಎಂದಳು. ಸಿಟ್ಟಲ್ಲ, ಯೋಚನೆ ಎಂದೆ. ಗೋಡೆಗೆ ಹಾಕಿದ್ದೇನೆ, ಬಾಗಿಲಿಗೆ ನೇರವಾಗಿ. ಬರುವವರಿಗೆ ಮೊದಲೇ ಗೊತ್ತಾಗಲಿ.

ಬಸ್ಸಿನಲ್ಲಿ ಪಕ್ಕದಲ್ಲಿ ಕೂತವನು ದಾರಿಯುದ್ದಕ್ಕೂ ನಿದ್ದೆ ಬಂದವನ ಹಾಗೆ ನಟಿಸುತ್ತಿದ್ದ. ನಾನು ಚೀಲ ತೊಡೆಯ ಮೇಲಿಟ್ಟುಕೊಂಡೇ ಬಂದೆ. ಮಿಷನ್ನಿಗೆ ಹೊಸ ಬೆಲ್ಟು ಹಾಕಿಸಿದ್ದೇನೆ, ಇನ್ನೂ ಬಿಗಿ, ಕಿರುಗುಟ್ಟುತ್ತದೆ. ಹೊಟ್ಟೆ ತುಂಬ ಊಟ ಮಾಡು. ನೀನು ಸಣ್ಣಗಾಗಿದ್ದೀಯ, ಸೊಂಟ ನೋಡಿಯೇ ಹೇಳಿದ್ದು.

ನೀನು ಏನೋ ಕೇಳಿದ್ದೆ.

ಆ ಮನುಷ್ಯ ಸುಳ್ಳು ಹೇಳುವವನಲ್ಲ.

ಅಮ್ಮ